ಆಯಿ ಎಳೆದ ಮೂರನೆಯ ಗೆರೆ

ನನ್ನ ನಾದಿನಿ ಸ್ವಪ್ನಾಲಿ ಕೊತ್ತಂಬರಿ ಸಿವುಡು ಕೊಳ್ಳುವ ಮೊದಲು ಅದರ ದಾರ ಬಿಚ್ಚಿ ನಡುವಿನ ಎಲೆ ನೋಡುತ್ತಾಳೆ. ನಿಲಂಗಾದ ಸಂತೆಯಲ್ಲಿ ಕಾಯಿಪಲ್ಲೆಯವರು ಅವಳು ಬರುವುದನ್ನು ಕಂಡರೆ ತಾವೇ ದಾರ ಬಿಚ್ಚಿ ಇಡುತ್ತಾರೆ. ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನನ್ನನ್ನೂ ಹೀಗೇ ನೋಡಿದಳು. ಒಂದು ವಾರ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ನಾನು ಮಾತಾಡುವುದು, ತಟ್ಟುವುದು, ತೊಳೆಯುವುದು ಎಲ್ಲ ಗಮನಿಸಿ, ಆಮೇಲೆ ಒಂದು ದಿನ ಬಂದು ಹಿಟ್ಟು ನಾದಲು ಕೂತಳು. ಅಂದಿನಿಂದ ಇಂದಿನವರೆಗೆ ನನ್ನ ಬಗ್ಗೆ ಅವಳ ತೀರ್ಪು ಬದಲಾಗಿಲ್ಲ.

ಈ ಗುಣ ಅವಳಿಗೆ ಅಂಗಡಿಯಿಂದ ಬಂದದ್ದು. ನಮ್ಮ ಮಾವ ಶಾಂತವೀರಪ್ಪನವರದು ನಿಲಂಗಾದ ಮೋಂಢಾದಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಅಡತಿ ಅಂಗಡಿ. ಸುತ್ತಲಿನ ಹಳ್ಳಿಯವರು ತೊಗರಿ, ಸೋಯಾಬೀನ್ ತಂದು ಹಾಕುತ್ತಾರೆ. ಚೀಲದ ಬಾಯಲ್ಲಿ ಮಿಂಚುವ ಕಾಳು ಹಾಕಿ ಹೊಟ್ಟೆಯಲ್ಲಿ ಮಣ್ಣು ತುಂಬುವವರು ಎಲ್ಲ ಊರಲ್ಲೂ ಇರುತ್ತಾರೆ. ಅದಕ್ಕೇ ಒಂದು ಚೂಪು ಮೂತಿಯ ಕಬ್ಬಿಣದ ಕೊಳವಿ ಇರುತ್ತದೆ. ಅದನ್ನು ಚೀಲದ ಪಕ್ಕೆಗೆ ಚುಚ್ಚಿದರೆ ನಡುವಿನ ಕಾಳು ಸುರಿದು ಅಂಗೈಗೆ ಬರುತ್ತದೆ. ಲಂಗ ತೊಡುವ ವಯಸ್ಸಿನಲ್ಲೇ ಸ್ವಪ್ನಾಲಿ ಆ ಕೊಳವಿ ಹಿಡಿದವಳು. ಬಿ.ಕಾಂ. ಮುಗಿಸಿ ಅಂಗಡಿಯಲ್ಲಿ ಬಿಲ್ಲು ಬರೆಯಲು ಕೂತ ಮೇಲೂ ಮಾಲು ನೋಡುವ ಕೆಲಸ ಅವಳದೇ ಆಗಿತ್ತು. ಪಕ್ಕದ ಅಂಗಡಿಯ ಮಲ್ಲಣ್ಣನೂ ಸಂಶಯ ಬಂದರೆ, ‘ಶಾಂತವೀರಪ್ಪನ ಮಗಳಿಗೆ ತೋರಸ್ರಿ’ ಎನ್ನುತ್ತಿದ್ದ. ಬೇರೆ ಹುಡುಗಿಯರಿಗೆ ಬಂಗಾರದ ಮೇಲೆ ಎಷ್ಟು ಅಭಿಮಾನವೋ ಇವಳಿಗೆ ಆ ಮಾತಿನ ಮೇಲೆ ಅಷ್ಟು.

ಇನ್ನು ನಮ್ಮ ಆಯಿಯ ವಿಷಯ. ಮಾವನ ತಾಯಿ ಶಿವಗಂಗಾಬಾಯಿಯನ್ನು ಮನೆಯವರೆಲ್ಲ ಆಯಿ ಎನ್ನುತ್ತೇವೆ. ಲಾತೂರಿನ ಭೂಕಂಪದ ನಸುಕಿನಲ್ಲಿ ಆಕೆ ಉಮರ್ಗಾ ಹತ್ತಿರದ ತವರೂರಿನಲ್ಲಿದ್ದಳು. ಕಲ್ಲಿನ ಗೋಡೆ ಕುಸಿದು ಬಲಗೈಯ ಉಂಗುರ ಬೆರಳು ಬುಡದವರೆಗೆ ಹೋಯಿತು. ವಿಭೂತಿ ಹಚ್ಚಲು ಮೂರು ಬೆರಳು ಬೇಕು. ಆಯಿ ಎರಡು ಬೆರಳಿನಿಂದ ಎರಡು ಗೆರೆ ನೆಟ್ಟಗೆ ಎಳೆದು, ಮೂರನೆಯದನ್ನು ತೋರುಬೆರಳಿನಿಂದ ಬೇರೆಯಾಗಿ ಎಳೆಯುತ್ತಾಳೆ. ಅದು ಯಾವಾಗಲೂ ಓರೆ, ಬಾಲ ಮೇಲಕ್ಕೆ ತಿರುಗಿರುತ್ತದೆ. ನಮ್ಮ ಅಂಗಡಿಯ ತಕ್ಕಡಿ, ತಿಜೋರಿ, ಮನೆಯ ತೊಟ್ಟಿಲು, ನನ್ನ ಕೂಸಿನ ಹಣೆ ಎಲ್ಲದರ ಮೇಲೂ ಆ ಓರೆ ಗೆರೆ ಇದೆ.

ಸ್ವಪ್ನಾಲಿ ಆಟ ಕಲಿತದ್ದು ಫೋನಿನಲ್ಲಿ. ಬೇರೆ ಬೇರೆ ಊರಿನ ಹುಡುಗಿಯರು ಸೇರಿ ಒಂದು ತಂಡ ಮಾಡಿಕೊಂಡಿದ್ದರು. ಗುಂಡು ಹಾರಿಸುವ ಆಟ. ಫೋನಿನ ಪರದೆಯಲ್ಲಿ ವೈರಿ ಕಾಣುವಷ್ಟರಲ್ಲಿ ಅವನು ನಮ್ಮನ್ನು ಕೊಂದಿರುತ್ತಾನೆ ಎಂದು ಗೊಣಗುತ್ತಿದ್ದಳು. ಕಂಪ್ಯೂಟರ್ ಬೇಕು ಎಂದಾಗ ಮಾವ ಬಯ್ಯಲಿಲ್ಲ. ಅವಳ ಸ್ವಂತ ಉಳಿಕೆಗೆ ತಾವೂ ಸೇರಿಸಿ ಅರವತ್ತು ಸಾವಿರದ ಗಡಿ ಹಾಕಿದರು.

“ಒಂದು ಸಲ ಕೊಡ್ತೀನಿ,” ಎಂದರು. “ಚಲೋ ಆರ್ಸಿದ್ರ ನಿನ್ನ ಹೆಸರು. ಕೆಟ್ಟದ್ದು ಆರ್ಸಿದ್ರ ಅದೂ ನಿನ್ನ ಹೆಸರೇ.”

ಮಳೆಗಾಲವೆಲ್ಲ ಆರಿಸುವುದರಲ್ಲೇ ಕಳೆಯಿತು. ನಾನು ಕೂಸಿಗೆ ಹಾಲು ಕುಡಿಸುತ್ತ ಕೂತರೆ ಪಕ್ಕದಲ್ಲಿ ಬಂದು ಕೂತು ಎಲ್ಲ ವಿವರಿಸುತ್ತಿದ್ದಳು. ಚಿತ್ರ ಬಿಡಿಸಿ ಪರದೆಗೆ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಎಂಬುದೊಂದು ಇರುತ್ತದೆ, ಆಟದ ಕಂಪ್ಯೂಟರಿಗೆ ಅದೇ ಜೀವ, ರೊಕ್ಕದ ದೊಡ್ಡ ಪಾಲು ಅದಕ್ಕೇ ಹೋಗಬೇಕು. ಪ್ರೊಸೆಸರ್ ಅದಕ್ಕೆ ಜೋಡಿಯಾಗುವಷ್ಟಿದ್ದರೆ ಸಾಕು. ಒಂದು ಎತ್ತು ಎತ್ತರ, ಒಂದು ಗಿಡ್ಡ ಕಟ್ಟಿದರೆ ಗಾಡಿ ಓಡುವುದು ಗಿಡ್ಡ ಎತ್ತಿನ ಓಟವೇ. ರ್‍ಯಾಮ್ ದೊಡ್ಡದು ಒಂದರ ಬದಲು ಚಿಕ್ಕವು ಎರಡು, ಅದೇ ಬೆಲೆಗೆ ಕೆಲಸ ಬೇಗ. ಮದರ್‌ಬೋರ್ಡ್ ಸಾದಾ. ಆದರೆ ಕರೆಂಟು ಹಂಚುವ ಪವರ್ ಸಪ್ಲೈ ಮಾತ್ರ ಹೆಸರಿದ್ದದ್ದೇ ಬೇಕು ಎಂದು ಹಟ ಹಿಡಿದಳು. ನಿಲಂಗಾದ ಕರೆಂಟು ಕುಣಿಯುವುದು ನಮಗೆಲ್ಲ ಗೊತ್ತಿತ್ತು, ಹಾಗಾಗಿ ಯಾರೂ ವಾದಿಸಲಿಲ್ಲ. ನಾನು ಮಾತ್ರ ಗಾಜಿನ ಡಬ್ಬಿ ಇರಲಿ, ಒಳಗೆ ಬಣ್ಣದ ದೀಪ ಉರಿಯಲಿ, ಕೂಸೂ ನೋಡಿ ನಗುತ್ತದೆ ಎಂದೆ.

“ವೈನಿ, ದೀಪದಿಂದ ಗೋಲಿ ಹಾರೂದಿಲ್ಲ,” ಎಂದಳು. ಗಾಳಿಯಾಡುವ ತೂತುಗಳ ತಗಡಿನ ಡಬ್ಬಿಯೊಂದನ್ನು ಆರಿಸಿದಳು. ಹಳೇ ಮಾನಿಟರ್ ಮಾತ್ರ ನನ್ನ ಸಲಹೆ. ಲಾತೂರಿನಲ್ಲಿ ಮುಚ್ಚಿಹೋದ ಕೋಚಿಂಗ್ ಕ್ಲಾಸೊಂದರವರು ಮಾರುತ್ತಿದ್ದರು. ಅದರಲ್ಲಿ ಉಳಿದ ರೊಕ್ಕವನ್ನೂ ಅವಳು ಗ್ರಾಫಿಕ್ಸ್ ಕಾರ್ಡಿಗೇ ಹಾಕಿ, ಬೆನ್ನಿಗೆ ಲೋಹದ ತಗಡು ಇರುವ ಗಟ್ಟಿ ಕಾರ್ಡ್ ಗೊತ್ತುಮಾಡಿದಳು.

ಕೊಂಡದ್ದು ಉದಗೀರಿನಲ್ಲಿ. ನಮ್ಮತ್ತೆ ಸರುಬಾಯಿಯ ಚಿಕ್ಕಪ್ಪನ ಮಗ ವೈಜನಾಥನದು ಅಲ್ಲಿ ಕಂಪ್ಯೂಟರ್ ಅಂಗಡಿ. ಸ್ವಪ್ನಾಲಿಗೆ ಮಾಮಾ ಆಗಬೇಕು. ಮನೆಯವನು ಇರುವಾಗ ಪರರ ಕೈಯಲ್ಲಿ ಯಾಕೆ ಕೊಡಬೇಕು ಎಂದು ಅತ್ತೆ ಹಟ ಮಾಡಿದರು. ವೈಜನಾಥ ಮಾಮಾನ ಹಣೆ ತುಂಬ ವಿಭೂತಿ, ಮಾತು ಬೆಣ್ಣೆ. ಬಾಗಿಲಲ್ಲೇ ಗಾಜಿನ ಡಬ್ಬಿಯ ಒಂದು ಕಂಪ್ಯೂಟರ್ ದೀಪ ಹಚ್ಚಿಕೊಂಡು ನಿಂತಿತ್ತು. ಅದನ್ನೇ ತಗೋ ಎಂದು ಗಂಟೆಗಟ್ಟಲೆ ಹೇಳಿದ. ಸ್ವಪ್ನಾಲಿ, ಅದರೊಳಗಿನ ಪವರ್ ಸಪ್ಲೈ ಯಾವುದು ಎಂದಷ್ಟೇ ಕೇಳಿದಳು. ಅವನು ತಡವರಿಸಿದ. ಬೇರೆ ಗಿರಾಕಿಗಳು ನಿಂತಿದ್ದರು, ಅವರಲ್ಲೊಬ್ಬನು ನಕ್ಕ.

“ಮೋಂಢಾದಾಗ ಬೆಳ್ದಾಕಿ ಈಗ ನನಗ ಕಲಸ್ಲತ್ತಾಳ ನೋಡ್ರಿ,” ಎಂದು ಮಾಮಾನೂ ನಕ್ಕ. ಆದರೆ ಸಾಮಾನು ಕಟ್ಟುವಾಗ ಅವನ ಮುಖದಲ್ಲಿ ನಗೆ ಇರಲಿಲ್ಲ.

ಖಂಡೇನವಮಿಯ ದಿನ ಮನೆಯ ಪಡಸಾಲೆಯಲ್ಲಿ ಅವಳೇ ಕೂತು ಜೋಡಿಸಿದಳು. ಆ ದಿನ ನಮ್ಮಲ್ಲಿ ತಕ್ಕಡಿ, ಕೊಳವಿ, ಕುಡುಗೋಲು ಎಲ್ಲಕ್ಕೂ ಪೂಜೆ. ಡಬ್ಬಿ ಮುಚ್ಚಿ ಹೊರಗಿನಿಂದ ವಿಭೂತಿ ಹಚ್ಚಿದರೆ ಸಾಕು ಎಂದು ಅವಳ ಲೆಕ್ಕ. ಆಯಿ ಒಪ್ಪಲಿಲ್ಲ.

“ಕೆಲಸ ಮಾಡೂದು ಒಳಗಿಂದು, ಡಬ್ಬಿಗ್ಯಾಕ ಹಚ್ಲಿ? ನಿನ್ನ ಮದಿವ್ಯಾಗ ನಿನ್ನ ಬಿಟ್ಟು ಚಪ್ಪರಕ್ಕ ಅಕ್ಷತಾ ಹಾಕ್ಲಿ ಏನು?”

ನೀರು ತಾಗಿದರೆ ಎಲ್ಲ ಸುಡುತ್ತದೆ ಎಂದು ಸ್ವಪ್ನಾಲಿ ಕೈ ಅಡ್ಡ ಇಟ್ಟಳು. ಕೊನೆಗೆ ಗ್ರಾಫಿಕ್ಸ್ ಕಾರ್ಡಿನ ಬೆನ್ನಿನ ತಗಡು ತೋರಿಸಿ, ಇಲ್ಲಿ ಮಾತ್ರ ಎಂದಳು. ಆಯಿ ಎರಡು ಗೆರೆ ನೆಟ್ಟಗೆ, ಒಂದು ಓರೆಗೆ ಎಳೆದಳು. ಅದು ಒಣಗುವವರೆಗೆ ಕೂಸನ್ನು ಹತ್ತಿರ ಬಿಡದೆ ನಾನೇ ಕಾವಲು ಕೂತೆ. ಆ ಕಂಪ್ಯೂಟರ್ ಹಚ್ಚಿದಾಗ ಪರದೆಯ ಮೇಲೆ ಹುಲ್ಲು ಎಸಳು ಎಸಳಾಗಿ ಅಲುಗುವುದು ಕಂಡಿತು. ಮಾವ ಹಿಂದೆ ನಿಂತು ನೋಡಿ, ಮೀಸೆಯಲ್ಲೇ ನಕ್ಕು ಅಂಗಡಿಗೆ ಹೋದರು.

ದಸರೆ ಮುಗಿದ ಮೇಲೆ ಒಂದು ಸಂಜೆ ಗುಡುಗಿನ ಮಳೆಯಲ್ಲಿ ಕರೆಂಟು ಹೋಗಿ ಬಂದು ಮಾಡಿ, ಕಂಪ್ಯೂಟರ್ ಮತ್ತೆ ಏಳಲಿಲ್ಲ. ನನ್ನ ಗಂಡ ರವಿಕಾಂತ ಅದನ್ನು ಉದಗೀರಿಗೆ ಒಯ್ದು ಮಾಮಾನ ಅಂಗಡಿಯಲ್ಲಿ ಬಿಟ್ಟು ಬಂದರು. ಬರೀ ಒಂದು ತಂತಿ ಸಡಿಲಾಗಿತ್ತಂತೆ, ಆದರೂ ತಪಾಸಣೆ ಮಾಡಬೇಕು ಎಂದು ಮಾಮಾ ಕೆಲವು ದಿನ ಇಟ್ಟುಕೊಂಡ. ಮರಳಿ ಬಂದ ಮೇಲೆ ಕಂಪ್ಯೂಟರ್ ಎದ್ದಿತು, ಆದರೆ ಆಟ ಹಚ್ಚಿದರೆ ಎಳೆಯುತ್ತಿತ್ತು, ಕಾದ ಹೆಂಚಿನ ವಾಸನೆ ಬರುತ್ತಿತ್ತು. ತಂಡದ ಪಂದ್ಯದ ದಿನ ನಟ್ಟನಡುವೆ ಆರಿಹೋಯಿತು. ಆ ಹುಡುಗಿಯರು ಪಾಪ ಏನೂ ಅನ್ನಲಿಲ್ಲ, ಮುಂದಿನ ಪಂದ್ಯಕ್ಕೆ ಇನ್ನೊಬ್ಬಳನ್ನು ಕರೆದುಕೊಂಡರು.

ಅದೇ ವಾರ ವೈಜನಾಥ ಮಾಮಾ ವಲಾಂಡಿಯ ತನ್ನ ಹೊಲದ ಸೋಯಾಬೀನ್ ಹೇರಿಕೊಂಡು ನಮ್ಮ ಅಂಗಡಿಗೆ ಬಂದ. ಹಮಾಲರು, ರೈತರು, ಮಲ್ಲಣ್ಣ ಎಲ್ಲ ಇದ್ದರು. ನಾನು ಮಾವನಿಗೆ ಬುತ್ತಿ ಕೊಡಲು ಹೋದವಳು ಕೂಸನ್ನೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದೆ. ಕಂಪ್ಯೂಟರ್ ಯಾಕೆ ಹೀಗೆ ಮಾಡುತ್ತದೆ ಎಂದು ಮಾವ ಕೇಳಿದರು.

“ದಾಜಿ, ಹುಡುಗಿ ವಿಡಿಯೋ ನೋಡಿ ಆರ್ಸ್ಯಾಳ,” ಎಂದ ಮಾಮಾ. ಅಕ್ಕನ ಗಂಡನನ್ನು ಅವನು ದಾಜಿ ಎನ್ನುತ್ತಿದ್ದ. “ಒಂದಕ್ಕೊಂದು ಜೋಡಿ ಇಲ್ಲ. ನಾ ಬ್ಯಾಡ ಅಂದೆ, ಕೇಳ್ಲಿಲ್ಲ. ಚೀಲದ ಮ್ಯಾಲಿನ ಕಾಳು ನೋಡಿ ತಗೊಂಡಂಗ ಆಗ್ಯಾದ.”

ಆ ಅಂಗಡಿಯಲ್ಲಿ ಅದಕ್ಕಿಂತ ಕೆಟ್ಟ ಮಾತು ಇಲ್ಲ. ಸ್ವಪ್ನಾಲಿಯ ಕೈಯಲ್ಲಿ ಆಗ ಕೊಳವಿ ಇತ್ತು, ಮಾಮಾನ ಚೀಲವನ್ನೇ ನೋಡುವವಳಿದ್ದಳು. ಮಾವ ಕೈ ಚಾಚಿ ಅದನ್ನು ತೆಗೆದುಕೊಂಡು ಗುಮಾಸ್ತ ಕಾಶೆಪ್ಪನಿಗೆ ಕೊಟ್ಟರು. ಅವಳು ಒಂದು ಕ್ಷಣ ಖಾಲಿ ಅಂಗೈ ನೋಡಿಕೊಂಡಳು. ಆಮೇಲೆ ಬಿಲ್ಲಿನ ಮೇಜಿಗೆ ಹೋಗಿ ಕೂತಳು.

ಮನೆಗೆ ಬಂದು ಅಳಲಿಲ್ಲ. ರೊಟ್ಟಿ ತಟ್ಟಲು ಕೂತಳು. ಆ ದಿನದ ರೊಟ್ಟಿಗಳ ಸಪ್ಪಳ ಓಣಿಯ ತುದಿಗೆ ಕೇಳಿರಬೇಕು. ಕೈ ತೊಳೆದವಳೇ ತಗಡಿನ ಡಬ್ಬಿ ಬಿಚ್ಚಿದಳು. ಕಾರ್ಡ್ ಅದೇ ಕಂಪನಿಯದು, ಅದೇ ಆಕಾರ, ಅದೇ ಬಣ್ಣ. ಬೆನ್ನಿನ ಮೇಲೆ ಮಾತ್ರ ಏನೂ ಇಲ್ಲ. ಬೆರಳು ಉಜ್ಜಿ ನೋಡಿದಳು. ತಿರುಗಿಸಿದಾಗ ಅದರ ಫ್ಯಾನಿನ ರೆಕ್ಕೆಯ ಸಂದಿಯಲ್ಲಿ ವರ್ಷಗಟ್ಟಲೆ ದುಡಿದ ಕಾರ್ಡಿನ ಜಿಡ್ಡು ಕಂಡಿತು.

ಕಾರ್ಡ್ ಬಂದ ರಟ್ಟಿನ ಡಬ್ಬಿಯ ಮೇಲೆ ನಂಬರ್ ಇರುತ್ತದೆ, ತಾಳೆ ನೋಡಿದರೆ ಕಾರ್ಡ್ ಬದಲಾದದ್ದು ತಿಳಿಯುತ್ತದೆ ಎಂದಳು. ದೀಪಾವಳಿಯ ಸಾರಣೆ ಕಾರಣೆಯಲ್ಲಿ ಅತ್ತೆ ಆ ಡಬ್ಬಿಗಳನ್ನೆಲ್ಲ ರದ್ದಿಯವನಿಗೆ ಹಾಕಿಯಾಗಿತ್ತು. ಬಿಲ್ಲಿನಲ್ಲಿ ಹೆಸರಿತ್ತೇ ಹೊರತು ನಂಬರ್ ಇರಲಿಲ್ಲ. ಮಾಮಾನಿಗೆ ಫೋನು ಹಚ್ಚಿದಳು. ವಿಭೂತಿ ಎಲ್ಲಿ ಹೋಯಿತು ಎಂದರೆ, ಬ್ರಶ್ ಹೊಡೆದು ಸ್ವಚ್ಛ ಮಾಡಿದ್ದೇನೆ, ಹೋಗಿದೆ, ಅದಕ್ಕೇನು ಎಂದ. ಮಂಚದ ಮೇಲೆ ಬತ್ತಿ ಹೊಸೆಯುತ್ತಿದ್ದ ಆಯಿ ಅದನ್ನು ಕೇಳಿ ನಕ್ಕಳು.

“ವೈಜ್ಯಾ ವಿಭೂತಿ ಒರಸ್ದಾ? ಅಂವಾ ಬ್ಯಾರೆ ಏನರ ಮಾಡ್ಯಾನು, ಅದು ಮಾಡಾಂವಲ್ಲ. ಹಚ್ಚಿದ ವಿಭೂತಿ ತಾನೇ ಉದರಬೇಕು, ಕೈಲಿ ಒರಸಿದ್ರ ಮನಿ ಉದರ್ತದ ಅಂತ ಅವರಪ್ಪ ಸಣ್ಣಾಂವ ಇದ್ದಾಗೇ ಬಡದು ಕಲಸ್ಯಾನ. ಅವರ ಮನಿ ಗ್ವಾಡಿ ನೋಡೀರಿ ಇಲ್ಲೋ? ಅಂವನ ಮುತ್ಯಾ ಹಚ್ಚಿದ್ದು ಇನ್ನಾ ಹಂಗೇ ಅದ. ನನ್ನ ಮೂರು ಗೆರಿ ಎಲ್ಲೋ ಅವ. ಅಂವನ ಹಂತ್ಯಾಕೇ ಅವ.”

ನಾನು ಮರುದಿನವೇ ಉದಗೀರಿಗೆ ಹೋಗೋಣ ಎಂದೆ. ಸ್ವಪ್ನಾಲಿ ಬೇಡ ಎಂದಳು. “ಅಂವಾ ನನ್ನ ಹೆಸರು ನಾಕ್ ಮಂದ್ಯಾಗ ಕೆಡಸ್ಯಾನ, ವೈನಿ. ನಾ ಒಬ್ಬಾಕೇ ಹೋಗಿ ಕಾರ್ಡ್ ಇಸ್ಕೊಂಡು ಬಂದ್ರ ಕಾರ್ಡ್ ಬರ್ತದ, ಹೆಸರು ಬರಂಗಿಲ್ಲ. ಲಕ್ಷ್ಮೀಪೂಜಿ ತನಕ ತಡೀರಿ.”

ಲಕ್ಷ್ಮೀಪೂಜೆಗೆ ವ್ಯಾಪಾರಿಗಳು ಬೀಗರನ್ನು, ದೊಡ್ಡ ಗಿರಾಕಿಗಳನ್ನು ಅಂಗಡಿಗೆ ಕರೆಯುತ್ತಾರೆ. ಮಾಮಾನ ಕರೆ ಪ್ರತಿ ವರ್ಷ ಬರುತ್ತದೆ, ಈ ವರ್ಷವೂ ಬಂತು. ಆ ನಡುವಿನ ದಿನಗಳಲ್ಲಿ ಅವಳು ಮಾಮಾನೊಡನೆ ಎಂದಿಗಿಂತ ಮೃದುವಾಗಿ ಮಾತಾಡಿದಳು, ಕಂಪ್ಯೂಟರ್ ಹಾಗೇ ಇರಲಿ ಬಿಡ್ರಿ ಎಂದಳು. ನನಗೆ ಇದು ಹಿತವಾಗಿತ್ತು. ಕರ್ಚಿಕಾಯಿ ಕರಿಯುತ್ತ ನಾವಿಬ್ಬರೂ ಎಣ್ಣೆಯ ಸದ್ದಿನ ಮರೆಯಲ್ಲಿ ಸಂಚು ಮಾಡಿದೆವು. ಅತ್ತೆಗೆ ಮಾತ್ರ ಹೇಳಲಿಲ್ಲ, ತಮ್ಮನಲ್ಲವೇ.

ಹೊತ್ತು ಮುಳುಗುವ ವೇಳೆಗೆ ಉದಗೀರ ಮುಟ್ಟಿದೆವು. ಅಂಗಡಿಯ ತುಂಬ ಚೆಂಡುಹೂ, ಜನ. ಮಠದ ಸ್ವಾಮಿಗಳು ಮಣೆಯ ಮೇಲೆ ಕೂತಿದ್ದರು. ಗಾಜಿನ ಡಬ್ಬಿಯ ಕಂಪ್ಯೂಟರ್ ನಟ್ಟನಡುವೆ, ದೀಪ ಹಚ್ಚಿಕೊಂಡು, ಪರದೆಯ ಮೇಲೆ ಓಡುವ ಕಾರಿನ ಆಟ ಇಟ್ಟುಕೊಂಡು ನಿಂತಿತ್ತು. ಪೂಜೆ ಮುಗಿದ ಕೂಡಲೇ ಅದನ್ನು ಒಬ್ಬ ಗಿರಾಕಿ ಒಯ್ಯುವವನಿದ್ದ. ನಾನು ಕೂಸಿಗೆ ದೀಪ ತೋರಿಸುವ ನೆಪದಲ್ಲಿ ಬಾಗಿದೆ. ಒಳಗೆ ಕಾರ್ಡಿನ ಬೆನ್ನು ಮೇಲ್ಮುಖವಾಗಿತ್ತು. ನೀಲಿ ಬೆಳಕಿನಲ್ಲಿ ಮೂರು ಬಿಳಿ ಗೆರೆ, ಮೂರನೆಯದರ ಬಾಲ ಮೇಲಕ್ಕೆ. ನಡುವೆ ಯಾರೋ ಹೊಸದಾಗಿ ಒಂದು ಕುಂಕುಮದ ಬೊಟ್ಟು ಇಟ್ಟಿದ್ದರು. ನನ್ನ ಕೂಸಿನ ಹಣೆಯಲ್ಲೂ ಅದೇ ಗೆರೆ. ನಾನು ಸ್ವಪ್ನಾಲಿಯ ಕಡೆ ನೋಡಿ ಕಣ್ಣು ಮುಚ್ಚಿ ತೆರೆದೆ.

ಹಿರಿಯರು ಯಂತ್ರಗಳಿಗೆ ವಿಭೂತಿ ಹಚ್ಚಲಿ ಎಂದು ಸ್ವಾಮಿಗಳು ಹೇಳಿದರು. ಅಲ್ಲಿ ಆಯಿಗಿಂತ ಹಿರಿಯರಿರಲಿಲ್ಲ. ಮಾಮಾನೇ ತಟ್ಟೆ ಹಿಡಿದು ಆಕೆಯನ್ನು ಕೈ ಹಿಡಿದು ಕರೆತಂದ. ಒಳಗಿನದಕ್ಕೇ ಹಚ್ಚುತ್ತೇನೆ, ಗಾಜು ತೆಗಿ ಎಂದಳು. ಅಷ್ಟು ಜನರ ಮುಂದೆ ಇಲ್ಲ ಎನ್ನಲಾಗದೆ ಅವನು ತೆಗೆದ. ಆಯಿ ಬಾಗಿ ನೋಡಿ ತಟ್ಟೆ ಕೆಳಗಿಟ್ಟಳು.

“ಇದಕ್ಕ ನಾ ಹಚ್ಚೀನಲ್ಲೋ ಮೊದ್ಲೇ.”

ಮಾಮಾ ನಕ್ಕ. ವಿಭೂತಿ ಎಲ್ಲರದೂ ಒಂದೇ, ನಮ್ಮವ್ವ ಹಚ್ಚಿದ್ದು, ನಿಮಗೆ ಕಣ್ಣು ಮಂಜು ಎಂದ. ಆಯಿ ಬಲಗೈ ಎತ್ತಿ ತೋರಿಸಿದಳು. ಬೀಗರಲ್ಲಿ ಅರ್ಧ ಜನರ ಹಣೆಗೆ ಒಂದಲ್ಲ ಒಂದು ಸಲ ಆ ಕೈ ವಿಭೂತಿ ಹಚ್ಚಿತ್ತು. ಅವರೆಲ್ಲ ಕುತ್ತಿಗೆ ಚಾಚಿ ಡಬ್ಬಿಯೊಳಗೆ ನೋಡಿದರು. ಆಗ ಸ್ವಪ್ನಾಲಿ ಪೂಜೆಯ ಹಸಿ ವಸ್ತ್ರ ಹಿಂಡಿ ಮಾಮಾನ ಮುಂದೆ ಹಿಡಿದಳು. ದನಿ ಏರಿಸಲಿಲ್ಲ.

“ಮಾಮಾ, ನಮ್ಮ ಕಾರ್ಡಿನ ವಿಭೂತಿ ನೀವೇ ತೆಗದೀನಿ ಅಂದ್ರಿ. ಇದು ನಿಮ್ಮದೇ ಇದ್ರ ಇದನ್ನೂ ಒರಸ್ರಿ. ಒರಸಿದ್ರ ನಾ ಎಲ್ಲರ ಮುಂದ ನಿಮ್ಮ ಕಾಲಿಗಿ ಬೀಳ್ತೀನಿ.”

ಅವನು ವಸ್ತ್ರ ತೆಗೆದುಕೊಂಡ. ಕೈ ಡಬ್ಬಿಯೊಳಗೆ ಹೋಯಿತು, ಕಾರ್ಡಿನ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ವಸ್ತ್ರದ ನೀರು ತೊಟ್ಟಿಕ್ಕುತ್ತದೆಂದು ಸ್ವಪ್ನಾಲಿ ಕೆಳಗೆ ತನ್ನ ಅಂಗೈ ಒಡ್ಡಿದಳು, ಕಾರ್ಡ್ ಅವಳದಲ್ಲವೇ. ಅವನು ಸ್ವಾಮಿಗಳ ಕಡೆ ನೋಡಿದ. ಲಕ್ಷ್ಮಿಯ ಫೋಟೋ ಕಡೆ ನೋಡಿದ. ಕದ್ದ ಕೈಗೆ ಒರೆಸಲು ಆಗಲಿಲ್ಲ. ಆ ಕೈ ವಸ್ತ್ರದ ಸಮೇತ ಹಿಂದೆ ಬಂದದ್ದನ್ನು ಅಷ್ಟೂ ಜನ ನೋಡಿದರು. ಅಂದು ನಾನು ತೃಪ್ತಿಯಾಗುವಷ್ಟು ನೋಡಿದೆ. ಈಗಲೂ ಅಕ್ಕಿ ಆರಿಸುವಾಗ ನೆನಪಾದರೆ ಮತ್ತೊಮ್ಮೆ ನೋಡುತ್ತೇನೆ.

“ಹಬ್ಬದ ದಿನ ಬ್ಯಾಡ, ಸ್ವಪ್ನಾ,” ಎಂದ ಕೊನೆಗೆ, ಅವಳಿಗೂ ಪಕ್ಕದಲ್ಲಿದ್ದ ನನಗೂ ಅಷ್ಟೇ ಕೇಳುವಂತೆ. “ನಾಳಿಗಿ ಮನಿಗಿ ತಂದು ಕೊಡ್ತೀನಿ.”

“ಹಬ್ಬದ ದಿನಾನೇ ಬೇಕು. ಮೊದಲ ಅಪ್ಪಗ ಹೇಳ್ರಿ, ನಾ ಆರ್ಸಿದ್ರಾಗ ಯಾವುದು ತಪ್ಪಿತ್ತು.”

“ಯಾವುದೂ ಇಲ್ಲ.”

“ಅಪ್ಪ ಅಲ್ಲಿ ದೂರ ಕೂತಾರ, ಮಾಮಾ.”

“ಯಾವುದೂ ತಪ್ಪಿರ್ಲಿಲ್ಲ, ದಾಜಿ,” ಎಂದ ಅವನು, ಈಗ ಬೀದಿಗೂ ಕೇಳುವಂತೆ. ಅವಳು ಬಿಡಲಿಲ್ಲ. ಪ್ರೊಸೆಸರ್ ಎಂದಳು, ಸರಿ ಇತ್ತು ಎಂದ. ರ್‍ಯಾಮ್ ಎಂದಳು, ಪವರ್ ಸಪ್ಲೈ ಎಂದಳು, ಒಂದೊಂದಕ್ಕೂ ಅವನ ಬಾಯಿಂದ ಒಪ್ಪಿಸಿಕೊಂಡಳು. ತಗಡಿನ ಡಬ್ಬಿಯನ್ನೂ ಬಿಡಲಿಲ್ಲ. ಆಮೇಲೆ ತಿರುಪು ಬಿಚ್ಚಲು ಹೇಳಿದಳು. ಕಂಪ್ಯೂಟರ್ ಬಂದ್ ಮಾಡಿಸಿ, ಅವನ ಕೈಯಿಂದಲೇ ಕಾರ್ಡ್ ತೆಗೆಸಿದಳು. ಮತ್ತೆ ಹಚ್ಚಿದಾಗ ಗಾಜಿನ ಡಬ್ಬಿಯ ದೀಪಗಳೆಲ್ಲ ಮೊದಲಿನಂತೆಯೇ ಉರಿದವು, ಪರದೆ ಮಾತ್ರ ಕಪ್ಪಾಗಿತ್ತು. ಕೊಳ್ಳಲು ಬಂದಿದ್ದ ಗಿರಾಕಿ ಕೈಯಲ್ಲಿದ್ದ ಪೇಡೆಯನ್ನು ತಟ್ಟೆಗೆ ಮರಳಿ ಇಟ್ಟು ಚಪ್ಪಲಿ ಹುಡುಕತೊಡಗಿದ.

ಅವನ ಹಳೆಯ ಕಾರ್ಡನ್ನು ಸ್ವಪ್ನಾಲಿ ಚೀಲದಲ್ಲಿ ತಂದಿದ್ದಳು. ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ಆಯಿ ಅಭ್ಯಾಸಬಲದಿಂದ ಬೆರಳು ವಿಭೂತಿಗೆ ಅದ್ದಿದಳು. ಸ್ವಪ್ನಾಲಿ ಮೆಲ್ಲಗೆ ಆ ಮಣಿಕಟ್ಟು ಹಿಡಿದಳು.

“ಅದಕ್ಕ ಬ್ಯಾಡ, ಆಯಿ.”

ಮರಳುವಾಗ ಗಾಡಿಯಲ್ಲಿ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದರು. ಪಾಡ್ಯ ಕಳೆದರೂ ನಮ್ಮಿಬ್ಬರೊಡನೆ ಸರಿಯಾಗಿ ಮಾತಾಡಲಿಲ್ಲ. ತವರಿನ ಮಾನ ಹೀಗೆ ಬೀದಿಗೆ ತರಬೇಕಿತ್ತೇ, ಮನೆಯಲ್ಲೇ ಮುಗಿಸಬಹುದಿತ್ತು ಎಂದು ಒಮ್ಮೆ ನನ್ನೆದುರು ಅತ್ತರು. ನಾನು ಅವರ ಕಾಲಿಗೆ ಎಣ್ಣೆ ತಿಕ್ಕಿದೆ, ಸಮಾಧಾನ ಹೇಳಿದೆ. ಆದರೆ ತಪ್ಪಾಯಿತು ಎನ್ನಲಿಲ್ಲ. ಹುಡುಗಿಯ ಹೆಸರು ಬೀದಿಯಲ್ಲಿ ಕೆಟ್ಟದ್ದು, ಬೀದಿಯಲ್ಲೇ ತೊಳೆಯಬೇಕಿತ್ತು. ನನ್ನ ಕೂಸೂ ಹೆಣ್ಣು.

ಕಾರ್ಡ್ ತನ್ನ ಜಾಗಕ್ಕೆ ಬಂತು, ಆಟದ ಹುಲ್ಲು ಮತ್ತೆ ಎಸಳು ಎಸಳಾಗಿ ಅಲುಗಿತು. ಕುಂಕುಮದ ಬೊಟ್ಟನ್ನು ಸ್ವಪ್ನಾಲಿ ಒಣ ಅರಿವೆಯ ತುದಿಯಿಂದ ತೆಗೆದಳು, ಗೆರೆಗಳನ್ನು ಮುಟ್ಟಲಿಲ್ಲ. ಮಾವ ಮಾತ್ರ ಒಂದು ಮಾತೂ ಆಡಿರಲಿಲ್ಲ. ಕೊಳವಿ ಇನ್ನೂ ಕಾಶೆಪ್ಪನ ಹತ್ತಿರವೇ ಇತ್ತು. ಅವಳು ಕೇಳುವವಳಲ್ಲ.

ಮೋಂಢಾ ಮತ್ತೆ ತೆರೆದ ಮೇಲೆ ವೈಜನಾಥ ಮಾಮಾನ ಉಳಿದ ಸೋಯಾಬೀನ್ ಬಂತು. ಹಿಂದಿನ ಬಾಕಿ ನಮ್ಮ ಅಂಗಡಿಯಲ್ಲೇ ಇದ್ದುದರಿಂದ ಬೇರೆ ಕಡೆ ಹೋಗುವಂತಿರಲಿಲ್ಲ. ತಾನೇ ಬಂದಿದ್ದ, ತಲೆಗೆ ಟವೆಲ್ ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ. ಮಾವ ಕಾಶೆಪ್ಪನ ಕಡೆ ಕೈ ಚಾಚಿದರು. ಕೊಳವಿ ಇಸಿದುಕೊಂಡು, ತಮ್ಮ ಧೋತರದ ಚುಂಗಿನಿಂದ ಅದರ ಮೂತಿ ಒರೆಸಿ, ಬಿಲ್ಲಿನ ಮೇಜಿನ ಮೇಲೆ ಮಗಳ ಮುಂದೆ ಇಟ್ಟರು.

“ನೋಡವ್ವ,” ಎಂದರು, ಅಷ್ಟೇ.

ಗುರುತಿನವರ ಮಾಲಾದರೆ ಅಲ್ಲೊಂದು ಇಲ್ಲೊಂದು ಚೀಲ ಚುಚ್ಚಿ ಬಿಡುವುದು ಪೇಟೆಯ ವಾಡಿಕೆ. ಸ್ವಪ್ನಾಲಿ ಮೊದಲ ಚೀಲ ಚುಚ್ಚಿದಳು, ಎರಡನೆಯದೂ ಚುಚ್ಚಿದಳು. ನಿಲ್ಲಲಿಲ್ಲ. ಮೇಲೆ, ನಡುವೆ, ತಳದಲ್ಲಿ, ಒಂದನ್ನೂ ಬಿಡದೆ. ಬಿಸಿಲು ಏರಿತು. ಹಮಾಲರು ಅರ್ಥವಾಗಿ ನೆರಳಿಗೆ ಹೋಗಿ ತಂಬಾಕು ತಿಕ್ಕುತ್ತ ಕೂತರು. ಒಟ್ಟಿದ ಚೀಲ ಇಳಿಸಿ ಕೊಡುವುದು, ಮತ್ತೆ ಎತ್ತಿಡುವುದು ಮಾಮಾನ ಪಾಲಿಗೇ ಬಂತು. ಮಲ್ಲಣ್ಣ ತನ್ನ ಅಂಗಡಿಯ ಕಟ್ಟೆಗೆ ಕುರ್ಚಿ ಹಾಕಿಕೊಂಡು, ಚಹಾ ತರಿಸಿಕೊಂಡು ನೋಡಿದ. ನಾನೂ ಬುತ್ತಿ ಕೊಟ್ಟಾದ ಮೇಲೆ ಮನೆಗೆ ಹೋಗದೆ ನಿಂತೆ.

ಕೊನೆಯ ಚೀಲದ ಕಾಳನ್ನು ಅವಳು ಅಂಗೈಯಲ್ಲಿ ಹರಡಿ, ಊದಿ, ಒಂದು ಕಾಳು ಕಚ್ಚಿ ನೋಡಿದಳು. ಮಾಮಾ ಬೆವರು ಒರೆಸಿಕೊಳ್ಳುತ್ತ ಅವಳ ಬಾಯಿಯನ್ನೇ ನೋಡುತ್ತಿದ್ದ. ಅವಳು ಅವನ ಕಡೆ ತಿರುಗದೆ ತಂದೆಗೆ ಹೇಳಿದಳು.

“ಮಾಲು ಚಲೋ ಅದ, ಅಪ್ಪಾ. ಮಾಲಷ್ಟೇ.”